ಕೈ ಒಪ್ಪಿಸಿದ ದಿನ

ನಾನು ಎಂ.ಎ. ಮುಗಿಸಿದ ದಿನವೂ ನಮ್ಮ ಪ್ರೊಫೆಸರ್ ಚಿದಂಬರಯ್ಯನವರಿಗೆ ಅವರ ವಿಷಯವೆಲ್ಲ ಚೆನ್ನಾಗಿ ನೆನಪಿತ್ತು. ನಾನು ಏನನ್ನೂ ಕಲಿತಿಲ್ಲ ಎನ್ನುವುದಕ್ಕೆ ನಮ್ಮೂರಲ್ಲಿ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಇಲ್ಲಿ ಒಂದು ವಿದ್ಯೆ ಒಬ್ಬರ ಕೈಗೆ ಬಂತೆಂದರೆ ಇನ್ನೊಬ್ಬರ ಕೈಯಿಂದ ಹೋಯಿತೆಂದೇ ಅರ್ಥ. ಆದ್ದರಿಂದ ಊರಿನ ವಿಶ್ವವಿದ್ಯಾಲಯವನ್ನು ಬಹಳ ಎಚ್ಚರದಿಂದ ನಡೆಸುತ್ತಿದ್ದರು. ಅಧ್ಯಾಪಕರು ತರಗತಿಗೆ ಬಂದು, ಇಪ್ಪತ್ತು ವರ್ಷ ಹಳೆಯ ಹಾಳೆಗಳನ್ನು ಬಿಡಿಸಿ, ಯಾರಿಗೂ ಅರ್ಥವಾಗದಂಥ ದನಿಯಲ್ಲಿ ನೋಟ್ಸ್ ಬರೆಸಿ, ತಮ್ಮ ವಿದ್ಯೆಯನ್ನು ಹಾಗೇ ಜೋಪಾನವಾಗಿ ಮನೆಗೆ ಒಯ್ಯುತ್ತಿದ್ದರು. ಅರ್ಥಶಾಸ್ತ್ರದ ಹೊಸ ಅಧ್ಯಾಪಕನೊಬ್ಬ ಮಾತ್ರ ಹುಮ್ಮಸ್ಸಿನಲ್ಲಿ ಪಾಠವನ್ನು ನಿಜವಾಗಿಯೂ ಅರ್ಥಮಾಡಿಸಿಬಿಟ್ಟ. ದಸರಾ ರಜೆ ಮುಗಿಯುವ ಹೊತ್ತಿಗೆ ಅವನಿಗೆ ಏನೂ ಉಳಿದಿರಲಿಲ್ಲ. ಈಗ ಗೇಟಿನ ಎದುರು ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದಾನೆ. ಅವನ ಶಿಷ್ಯರು ಅವನದೇ ನೋಟ್ಸನ್ನು ಅಲ್ಲಿ ಜೆರಾಕ್ಸ್ ಮಾಡಿಸುತ್ತಾರೆ. ಅವನು ಹಾಳೆ ತಿರುಗಿಸಿ ನೋಡಿ, ಯಾರೋ ಚೆನ್ನಾಗಿ ಬರೆದಿದ್ದಾರೆ ಎನ್ನುತ್ತಾನೆ.

ನಿಜವಾದ ಕಲಿಕೆ ನಡೆಯುತ್ತಿದ್ದುದು ಮನೆಗಳಲ್ಲಿ, ಅದೂ ಜನ್ಮಕ್ಕೊಂದು ಸಲ. ಅದಕ್ಕೆ ಕೈ ಒಪ್ಪಿಸುವುದು ಎನ್ನುತ್ತಾರೆ. ವಯಸ್ಸಾದವರು ತಮಗೆ ಸಾಕೆನಿಸಿದಾಗ ಮಗನನ್ನೋ ಸೊಸೆಯನ್ನೋ ಎದುರಿಗೆ ಕೂರಿಸಿಕೊಂಡು, ನಾಲ್ಕು ಜನರ ಮುಂದೆ, ಕೊನೆಯ ಪಾಠವನ್ನು ಕಿವಿಯಲ್ಲಿ ಹೇಳುತ್ತಾರೆ. ಪಡೆದವರು ಅಲ್ಲೇ ಒಮ್ಮೆ ಮಾಡಿ ತೋರಿಸಬೇಕು. ಆಮೇಲೆ ಪಾಯಸದ ಊಟ. ಮರುದಿನದಿಂದ ಕೊಟ್ಟವರಿಗೆ ಆ ಕೆಲಸ ಬರುವುದಿಲ್ಲ. ಆದರೆ ಸಂತೆಬೀದಿಯ ಕಟ್ಟೆಯ ಮೇಲೆ ಅವರಿಗೊಂದು ಜಾಗವಿರುತ್ತದೆ, ಹೋದ ಕಡೆಯಲ್ಲೆಲ್ಲ ಮೊದಲ ಲೋಟ ಕಾಫಿ ಅವರದು. ಸೂಲಗಿತ್ತಿ ಗಂಗಮಾಳಮ್ಮ ಆಸ್ಪತ್ರೆಯ ನರ್ಸಿಗೆ ಕೈ ಒಪ್ಪಿಸಿದ ಮೇಲೆ ಎಳೆಗೂಸುಗಳನ್ನು ಎತ್ತಿಕೊಳ್ಳಲೂ ಹೆದರುತ್ತಾರೆ. ಆದರೂ ಊರಿನ ಎಲ್ಲ ಒಪ್ಪಿಸುವಿಕೆಗೂ ಅವರೇ ಸಾಕ್ಷಿ, ಅವರು ತಲೆಯಾಡಿಸಿದರೇ ಸರಿ. ಕೊಡದೆಯೇ ಕಳೆದುಕೊಂಡವರಿಗೆ ಮಾತ್ರ ಕಟ್ಟೆಯ ಮೇಲೆ ಜಾಗವಿಲ್ಲ. ಅವರನ್ನು ಬರಿಗೈಯವರು ಎಂದು ಕರೆಯುತ್ತಾರೆ. ಅವರು ಬಂದಾಗ ಕೂತವರು ಸರಿದುಕೊಳ್ಳುವುದಿಲ್ಲ, ಅಷ್ಟೆ.

ಲಾಕ್‌ಡೌನ್ ಬಂದದ್ದು ನಮ್ಮ ಕೊನೆಯ ಪರೀಕ್ಷೆಗೆ ಹತ್ತು ದಿನವಿದ್ದಾಗ. ಪರೀಕ್ಷೆ ನಡೆಯಲೇ ಇಲ್ಲ. ಒಂದು ಭಾನುವಾರ ಫೋನಿಗೆ ಸಂದೇಶ ಬಂತು: ನೀವು ತೇರ್ಗಡೆಯಾಗಿದ್ದೀರಿ, ಮನೆಯಲ್ಲೇ ಇರಿ. ಅವ್ವ ಅದನ್ನು ದೇವರ ಮುಂದಿಟ್ಟು ಕುಂಕುಮ ಹಚ್ಚಲು ನೋಡಿದಳು. ಫೋನಿಗೆ ಹಚ್ಚಬೇಡ ಎಂದೆ. ಚಿದಂಬರಯ್ಯನವರಿಗೆ ಫೋನು ಮಾಡಿ ಧನ್ಯವಾದ ಹೇಳಿದಾಗ ಅವರು ಮೊದಲನೆಯ ಅಧ್ಯಾಯದ ಮೊದಲ ವಾಕ್ಯವನ್ನು ತಾವಾಗಿಯೇ ಹೇಳಿ ನೋಡಿಕೊಂಡು, "ಇದೆಯಪ್ಪ, ಎಲ್ಲ ಹಾಗೇ ಇದೆ. ನೀನು ಒಳ್ಳೆಯ ವಿದ್ಯಾರ್ಥಿ" ಎಂದರು.

ಮುಂದಿನ ವಾರ ಕಸದ ಗಾಡಿಯ ಮೈಕಿನಲ್ಲಿ ಪುರಸಭೆಯ ಮುಖ್ಯಾಧಿಕಾರಿಯ ದನಿ ಕೇಳಿಸಿತು. ನಾಗರಿಕರು ಕಾಲಹರಣ ಮಾಡದೆ ಫೋನಿನ ಮೂಲಕ ಹೊಸ ಕೌಶಲ್ಯಗಳನ್ನು ಕಲಿಯಬೇಕು. ಕಲಿಸುವವರು ದೂರದೂರದ ಊರಿನವರಾದ್ದರಿಂದ ಮರೆಯುವವರೂ ಅವರೇ. ಈ ಅವಕಾಶದಲ್ಲಿ ಹೊರಗಿನ ವಿದ್ಯೆಯನ್ನೆಲ್ಲ ಊರಿಗೆ ತಂದುಕೊಳ್ಳೋಣ. ಕಲಿತವರಿಗೆ ಪ್ರಶಸ್ತಿ ಪತ್ರವಿದೆ. ಹಸಿ ಕಸ ಒಣ ಕಸ ಬೇರೆ ಮಾಡಿ. ಇಷ್ಟು ಸುಲಭದ ಉಪಾಯ ಇಷ್ಟು ವರ್ಷ ಹೊಳೆಯಲಿಲ್ಲವಲ್ಲ ಎಂದು ಜನ ತಮ್ಮ ಹಿರಿಯರನ್ನು ಬೈದುಕೊಂಡರು. ಹೆಂಗಸರು ಗಂಡಸರೆನ್ನದೆ ಕೇಕು ಕಲಿಯಲು ಕೂತರು. ಪಕ್ಕದ ಮನೆಯ ಶಾರದಕ್ಕ ಫೋನಿನೊಳಗಿನ ಹೆಂಗಸನ್ನು ನೋಡಿ ಕಣ್ಣಲ್ಲಿ ನೀರು ತಂದುಕೊಂಡಳು. "ಪಾಪ ಕಣೆ, ನಾಳೆ ಎದ್ದಾಗ ಅದ್ಕೆ ಮೊಟ್ಟೆ ಒಡೆಯಾದೂ ಗೊತ್ತಿರಲ್ಲ" ಎಂದು ಅವ್ವನಿಗೆ ಕಾಂಪೌಂಡಿನ ಮೇಲಿಂದ ಹೇಳಿದಳು. ಮರುದಿನ ಅದೇ ಹೆಂಗಸು ಇನ್ನೊಂದು ಕೇಕಿನೊಂದಿಗೆ ಹಾಜರಾದಳು. ಗಟ್ಟಿ ಜೀವ ಎಂದು ಬೀದಿಯೆಲ್ಲ ಹೊಗಳಿತು. ಯಾರಿಗೂ ಅದಕ್ಕಿಂತ ಮುಂದಕ್ಕೆ ಯೋಚನೆ ಹೋಗಲಿಲ್ಲ. ನನಗೂ ಹೋಗಲಿಲ್ಲ, ಆಗ.

ನಮ್ಮ ಮನೆಯಲ್ಲಿ ಯೋಚನೆ ಮಾಡುವುದೇ ಕಷ್ಟವಾಗಿತ್ತು. ಅಪ್ಪ ಚೆಲುವಯ್ಯ, ಗಾನಲೋಲ ಬ್ಯಾಂಡ್ ಸೆಟ್ಟಿನ ಕ್ಲಾರಿಯೋನೆಟ್ ವಿದ್ವಾನ. ಮದುವೆಗಳಿದ್ದ ಕಾಲದಲ್ಲಿ ಅವನ ಉಸಿರೆಲ್ಲ ಛತ್ರಗಳಲ್ಲಿ ಖರ್ಚಾಗಿ ಮನೆಗೆ ಮೌನವಾಗಿ ಬರುತ್ತಿದ್ದ. ಮದುವೆಗಳು ನಿಂತ ಮೇಲೆ ಅಷ್ಟೂ ಉಸಿರು ಎರಡು ಕೋಣೆಯ ಮನೆಯೊಳಗೇ ಹೊರಬೀಳತೊಡಗಿತು. ಬೆಳಿಗ್ಗೆ ಐದಕ್ಕೆ ಸಾಧನೆ, ತಿಂಡಿಯ ನಂತರ ಆಲಾಪನೆ, ಊಟದ ಮೇಲೆ ಮೆರವಣಿಗೆಯ ಧಾಟಿಗಳು. ನನಗೋ ಚಿಕ್ಕಂದಿನಿಂದಲೂ ಸದ್ದಿಲ್ಲದ ಜಾಗಗಳ ಮೇಲೆ ಪ್ರೀತಿ. ಗ್ರಂಥಾಲಯದಲ್ಲಿ ಪುಸ್ತಕ ಓದುವುದಕ್ಕಿಂತ ಹೆಚ್ಚಾಗಿ ಅಲ್ಲಿನ ಮೌನ ಕೇಳುತ್ತ ಕೂತಿರುತ್ತಿದ್ದೆ. ಜನ ಮಾತು ನಿಲ್ಲಿಸಿ ಮತ್ತೆ ಶುರುಮಾಡುವುದರ ನಡುವಿನ ಬಿಡುವನ್ನು ಗಮನಿಸುವುದು ನನ್ನ ಚಟ. ಅಪ್ಪನ ಊದುವಿಕೆಯಲ್ಲಿ ಅಂಥ ಬಿಡುವೇ ಇರಲಿಲ್ಲ.

"ಎಲ್ರೂ ಏನೇನೋ ಕಲೀತಾವ್ರೆ, ನೀನೂ ಒಂದ್ ಸರ್ಟಿಫಿಕೇಟ್ ತಗೊ" ಎಂದು ಅವ್ವ ದಿನಕ್ಕೆರಡು ಸಲ ಹೇಳುತ್ತಿದ್ದಳು. ಹುಡುಕುತ್ತಿದ್ದಾಗ ಒಬ್ಬ ಬಿಳಿಗಡ್ಡದ ಮುದುಕ ಸಿಕ್ಕಿದ. ಯಾವ ದೇಶದವನೋ ಗೊತ್ತಿಲ್ಲ. ಹತ್ತು ಪಾಠಗಳಲ್ಲಿ, ವಾದ್ಯವೇ ಇಲ್ಲದೆ, ಒಂದು ಕೋಲಿನ ಮೇಲೆ ಬೆರಳಿಟ್ಟು ಕ್ಲಾರಿಯೋನೆಟ್ ಕಲಿಸುತ್ತಿದ್ದ. ನಾನು ಫೋನಿನ ಸದ್ದನ್ನು ಪೂರ್ತಿ ಅಡಗಿಸಿ ಅವನನ್ನು ನೋಡಿದೆ. ಶಬ್ದವಿಲ್ಲದ ಸಂಗೀತಕ್ಕಿಂತ ನನಗೆ ಒಪ್ಪುವ ವಿದ್ಯೆ ಇನ್ನೊಂದು ಇರಲಾರದು ಅನ್ನಿಸಿತು. ಅಡುಗೆಮನೆಯಿಂದ ಲಟ್ಟಣಿಗೆ ತಂದು, ಒಳಕೋಣೆಯಲ್ಲಿ ಗೋಡೆಗೆ ಮುಖಮಾಡಿ ಕೂತು, ಬೆರಳಾಡಿಸಲು ಶುರುಮಾಡಿದೆ. ಹೊರಗೆ ಅಪ್ಪ ಊದುತ್ತಿದ್ದ. ಮುದುಕನಿಗೆ ಅನ್ಯಾಯವಾಗುತ್ತದಲ್ಲ ಎಂದು ಒಂದೆರಡು ದಿನ ಬೇಜಾರಾಯಿತು.

ಎಂಟನೆಯ ಪಾಠ ಮುಗಿದ ದಿನ ಕ್ಷೌರದ ಮುದ್ದಯ್ಯ ನಮ್ಮ ಮನೆಗೆ ಬಂದ. ಅಪ್ಪನೇ ಹೇಳಿಕಳಿಸಿದ್ದ, ತಲೆಗೂದಲು ಹೆಗಲಿಗೆ ಬಂದಿತ್ತು. ಮುದ್ದಯ್ಯ ಪೆಟ್ಟಿಗೆ ಬಿಚ್ಚಿ, ಕತ್ತರಿಯನ್ನು ಕೈಯಲ್ಲಿ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದ.

"ಚೆಲುವಣ್ಣ, ಇದನ್ನ ಹಿಡಿಯಾದು ಹೆಂಗೆ ಅಂತ ಒಂದ್ಸಲ ತೋರ್ಸು."

"ತಮಾಷೆ ಮಾಡ್ತಿದೀಯಾ?"

"ತಮಾಷೆ ಮಾಡೋ ಮುಖಾನಾ ಇದು? ಮೂರು ದಿನಾಯ್ತು. ಹೆಬ್ಬೆಟ್ಟು ಎಲ್ಲಿ ತೂರಿಸ್ಬೇಕು ಅಂತ್ಲೇ ಗೊತ್ತಾಗ್ತಿಲ್ಲ. ನಮ್ ಬೀದೀಲಿ ಹನ್ನೆರಡು ಮನೆಯೋರು ಫೋನ್ ನೋಡ್ಕೊಂಡು ಕಟಿಂಗ್ ಕಲ್ತವ್ರೆ."

"ಹೋದ್ರೆ ಆ ಫೋನೋನ ಕೈಯಲ್ವಾ ಹೋಗ್ಬೇಕಾದ್ದು?"

"ಅವನು ಇವತ್ತು ಬೆಳಿಗ್ಗೇನೂ ಕಟಿಂಗ್ ಮಾಡ್ತಾವ್ನೆ. ಗಡ್ಡದ ಡಿಸೈನ್ ಬೇರೆ ತೋರಿಸ್ತಾವ್ನೆ."

ಅಂದರೆ ಫೋನಿನಲ್ಲಿ ಕಲಿತರೂ ಹೋಗುವುದು ಊರಲ್ಲಿ ಆ ವಿದ್ಯೆ ಬಲ್ಲವನ ಕೈಯಿಂದಲೇ. ಗೋಡೆಯಾಚೆ ನಾನು ಬೆರಳು ನಿಲ್ಲಿಸಿದೆ. ಹನ್ನೆರಡು ಮನೆಯವರಿಗೂ ಮುದ್ದಯ್ಯನ ಕೈ ಹನ್ನೆರಡು ಪಾಲಾಗಿ ಸಿಕ್ಕಿತ್ತು ಎಂದು ಆಮೇಲೆ ತಿಳಿಯಿತು. ಒಬ್ಬನಿಗೆ ಎಡಗಿವಿಯ ಮೇಲಿನದಷ್ಟೇ ಬರುತ್ತಿತ್ತು, ಇನ್ನೊಬ್ಬನಿಗೆ ಕುತ್ತಿಗೆಯ ಹಿಂದಿನದು, ಮೇಷ್ಟರ ಹೆಂಡತಿಗೆ ಬರೀ ನೀರು ಚಿಮುಕಿಸುವುದು. ಅಪ್ಪನ ಒಂದು ಕ್ಷೌರಕ್ಕೆ ಅವ್ವ ನಾಲ್ಕು ಮನೆಯವರನ್ನು ಕಿಟಕಿಗೆ ಕರೆದು, ಅವನ ತಲೆಯನ್ನು ಸರಳುಗಳ ನಡುವೆ ತೂರಿಸಿ ಹಿಡಿಯಬೇಕಾಯಿತು. ಕೇಕಿನ ಕತೆಯೂ ಹಾಗೇ: ಬೇಕರಿಯವನು ಒಲೆಯ ಮುಂದೆ ಕೈಕಟ್ಟಿ ನಿಂತಿದ್ದ, ಊರಿನ ನೂರು ಮನೆಗಳಲ್ಲಿ ನೂರರಲ್ಲೊಂದು ಪಾಲು ಉಬ್ಬಿದ ಕೇಕುಗಳಿದ್ದವು. ಪುರಸಭೆ ಮಾತ್ರ ಎಲ್ಲರಿಗೂ ಪ್ರಶಸ್ತಿ ಪತ್ರ ಕೊಟ್ಟು, ಊರಿನಲ್ಲಿ ಕ್ಷೌರಿಕರ ಸಂಖ್ಯೆ ಹನ್ನೆರಡು ಪಟ್ಟು ಹೆಚ್ಚಿದೆ ಎಂದು ವರದಿ ಕಳಿಸಿತು.

"ಪಾಪ ಮುದ್ದಯ್ಯ, ಬರಿಗೈಯಾಗ್ಬಿಟ್ಟ" ಎಂದ ಅಪ್ಪ ಆ ದಿನ ಊಟಕ್ಕೆ ಕೂತಾಗ. "ನಂದು ಹಂಗೆ ಹೋಗಲ್ಲ ಬಿಡು. ಕ್ಲಾರಿಯೋನೆಟ್ ಯಾವನು ಫೋನಲ್ಲಿ ಕಲೀತಾನೆ. ಉಸಿರು ಬೇಕು ಅದಕ್ಕೆ."

ಅಲ್ಲಿಗೇ ನಿಲ್ಲಿಸಬಹುದಿತ್ತು. ಎಂಟು ಪಾಠವಾಗಿತ್ತು, ಎರಡು ಉಳಿದಿತ್ತು, ಅಪ್ಪನ ಕೈ ಇನ್ನೂ ಅಪ್ಪನಲ್ಲೇ ಇತ್ತು. ಇದನ್ನು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಊಟದ ಮೇಲೆ ಅಪ್ಪ ಮೆರವಣಿಗೆಯ ಧಾಟಿ ಎತ್ತಿಕೊಂಡ. ಅರ್ಧ ಗಂಟೆ ಕೇಳಿದೆ, ಮುಕ್ಕಾಲು ಗಂಟೆ ಕೇಳಿದೆ. ಆಮೇಲೆ ಎದ್ದುಹೋಗಿ ಲಟ್ಟಣಿಗೆ ತಂದೆ. ಒಂಬತ್ತನೆಯ ಪಾಠವನ್ನು ಆ ಮಧ್ಯಾಹ್ನ, ಹತ್ತನೆಯದನ್ನು ಮರುದಿನ ಮುಗಿಸಿದೆ. ಗೊತ್ತಿರಲಿಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಲೇ ಮುಗಿಸಿದೆ. ಇದೊಂದನ್ನು ವಿಶ್ವವಿದ್ಯಾಲಯ ನನಗೆ ಕಲಿಸಿತ್ತು.

ಅದರ ಮಾರನೆಯ ಬೆಳಿಗ್ಗೆ ಐದಕ್ಕೆ ನನಗೆ ಎಚ್ಚರವಾದದ್ದು ಸದ್ದಿಲ್ಲದ್ದಕ್ಕೆ. ನಲ್ಲಿಯಿಂದ ನೀರು ತೊಟ್ಟಿಕ್ಕುವುದು ಕೇಳಿಸುತ್ತಿತ್ತು. ಎಲ್ಲೋ ಒಂದು ಗುಬ್ಬಿ ಮಾತಾಡಿ ಸುಮ್ಮನಾಯಿತು. ನನ್ನ ಜೀವಮಾನದಲ್ಲಿ ನಮ್ಮ ಮನೆ ಎಂದೂ ಅಷ್ಟು ಚೆನ್ನಾಗಿ ಅನ್ನಿಸಿರಲಿಲ್ಲ. ಎದ್ದು ನೋಡಿದರೆ ಅಪ್ಪ ಚಾಪೆಯ ಮೇಲೆ ಕೂತು ಕ್ಲಾರಿಯೋನೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು, ಬೇರೆಯವರ ಮನೆಯ ಬೀಗದ ಗೊಂಚಲನ್ನು ನೋಡುವವನ ಹಾಗೆ ಅದರ ಕೀಲಿಗಳನ್ನು ನೋಡುತ್ತಿದ್ದ. "ಊದೋ ರೀಡು ಕೆಟ್ಟದೆ" ಎಂದ, ನಾನು ಏನೂ ಕೇಳದಿದ್ದರೂ. ಮರುದಿನ ನೆಗಡಿ ಎಂದ. ಮೂರನೆಯ ದಿನದಿಂದ ಕಾರಣ ಹೇಳುವುದನ್ನೂ ಬಿಟ್ಟ. ದಿನಾ ವಾದ್ಯವನ್ನು ಬಿಚ್ಚಿ, ಒರೆಸಿ, ಜೋಡಿಸಿ, ಪೆಟ್ಟಿಗೆಗೆ ಹಾಕುತ್ತಿದ್ದ. ಜೋಡಿಸುವುದೂ ಒಮ್ಮೊಮ್ಮೆ ತಪ್ಪುತ್ತಿತ್ತು. ಒಂದೂವರೆ ತಿಂಗಳು ನಾನು ಆ ಮೌನದಲ್ಲಿ ಪುಸ್ತಕ ಓದಿದೆ. ನಾಚಿಕೆಯಾಗಬೇಕಾದ ಮಾತು, ಚೆನ್ನಾಗಿ ಓದಿದೆ.

ಒಂದು ದಿನ ಅಪ್ಪ ಅವ್ವ ಇಬ್ಬರೂ ರೇಷನ್ ಅಂಗಡಿಯ ಸಾಲಿಗೆ ಹೋಗಿದ್ದಾಗ ಪೆಟ್ಟಿಗೆ ತೆರೆದು ವಾದ್ಯವನ್ನು ತುಟಿಗಿಟ್ಟೆ. ಬಿಳಿಗಡ್ಡದ ಮುದುಕನದು ಬರಬಹುದೆಂಬ ಸಣ್ಣ ಆಸೆ ಇತ್ತು. ಬಂದದ್ದು ಅಪ್ಪನ ಬೆಳಗಿನ ಆಲಾಪನೆ, ಅದರ ಅದೇ ಮೊಂಡು ಆರಂಭದೊಂದಿಗೆ. ಮೂರು ಸ್ವರಕ್ಕೇ ನಿಲ್ಲಿಸಿ ಪೆಟ್ಟಿಗೆ ಮುಚ್ಚಿದೆ.

ಶ್ರಾವಣದಲ್ಲಿ ಐವತ್ತು ಜನರ ಮದುವೆಗೆ ಅನುಮತಿ ಸಿಕ್ಕಿತು. ಡ್ರಮ್ಮಿನ ಕೆಂಪರಾಜು ಬಂದು, ಗಾನಲೋಲ ಸೆಟ್ಟಿಗೆ ಮುಂದಿನ ಸೋಮವಾರ ಮದುವೆಯಿದೆ ಎಂದು ಹೇಳಿಹೋದ. ಅವನು ಹೋದ ಮೇಲೆ ಅಪ್ಪ ನನ್ನನ್ನು ಒಳಕೋಣೆಗೆ ಕರೆದ.

"ಬಾಗ್ಲು ಹಾಕು ವಸಂತ. ಕೂತ್ಕೊ. ನಂಗೆ ಬರ್ತಾ ಇಲ್ಲ ಕಣೋ."

"ಏನು?" ಎಂದೆ. ಆ ಪ್ರಶ್ನೆ ಕೇಳುವಾಗ ನನ್ನ ದನಿ ಎಷ್ಟು ಸಹಜವಾಗಿತ್ತೆಂದರೆ ನನಗೇ ಭಯವಾಯಿತು.

"ಊದೋಕೆ. ಯಾವ ತೂತು ಮುಚ್ಚಿದ್ರೆ ಯಾವ ಸ್ವರ ಅಂತ ಗೊತ್ತಾಗ್ತಿಲ್ಲ. ಯಾವನು ಕಿತ್ಕೊಂಡ್ನೋ, ಇಲ್ಲ ವಯಸ್ಸಿಗೇ ಹೋಯ್ತೋ. ನಿಮ್ಮವ್ವಂಗೂ ಹೇಳಿಲ್ಲ." ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಸೋಮವಾರ ಎಲ್ರಿಗೂ ಗೊತ್ತಾಗ್ತದೆ. ಮುದ್ದಯ್ಯನ ಪಕ್ಕ ನಿಲ್ಲಿಸ್ತಾರೆ ನನ್ನೂ. ಅದಕ್ಕೇ ಒಂದ್ ಯೋಚ್ನೆ ಮಾಡಿದೀನಿ. ಗುರುವಾರ ನಿಂಗೆ ಕೈ ಒಪ್ಪಿಸ್ತೀನಿ."

"ಇಲ್ದಿರೋದನ್ನ ಹೆಂಗೆ ಒಪ್ಪಿಸ್ತೀಯಪ್ಪ?"

"ಒಪ್ಪಿಸ್ದಂಗೆ ಮಾಡಾಣ. ನೀನು ಒಂದ್ಸಲ ಪೀ ಅನ್ಸು ಸಾಕು. ಹೊಸ ಕೈ, ಇನ್ನೂ ಪಳಗ್ಬೇಕು ಅಂತಾರೆ. ಆಮೇಲೆ ನಿಂಗೆ ಬರ್ಲಿಲ್ಲ ಅಂದ್ರೆ ಯಾರೂ ಅನುಮಾನ ಪಡಲ್ಲ. ನೀನು ಎಂ.ಎ. ಓದ್ದೋನು."

ಗುರುವಾರದ ತನಕ ನಾನು ಇದನ್ನೇ ತಿರುವಿ ಹಾಕಿದೆ. ಪೀ ಎಂದು ಊದಿದರೆ ನನ್ನ ಕಳವು ಎಂದೆಂದಿಗೂ ಹೊರಬೀಳದು. ಆದರೆ ಮೂವತ್ತೆಂಟು ವರ್ಷ ಊರಿನ ಮದುವೆಗಳನ್ನೆಲ್ಲ ಹೊತ್ತ ಮನುಷ್ಯ ಕಡೆಗೆ ಕೊಟ್ಟದ್ದು ಇದೇ ಪೀ ಎಂದಾಗುತ್ತದೆ. ಗಂಗಮಾಳಮ್ಮ ತಲೆಯಾಡಿಸದಿದ್ದರೆ ಅದೂ ಇಲ್ಲ. ಸರಿಯಾಗಿ ಊದಿದರೆ ಕಟ್ಟೆಯ ಮೇಲೆ ಅಪ್ಪನ ಜಾಗ ಗಟ್ಟಿ. ಆದರೆ ಅದನ್ನು ಕೇಳುತ್ತ ಕೂತ ಐದಾರು ಜನರಲ್ಲಿ ಒಬ್ಬನಿಗೆ ಮಾತ್ರ, ತಾನು ಏನೂ ಕೊಟ್ಟಿಲ್ಲ ಎಂದು ಗೊತ್ತಿರುವವನಿಗೆ, ಅದು ಎಲ್ಲಿಂದ ಬಂತೆಂದು ತಿಳಿದುಹೋಗುತ್ತದೆ. ಯಾರಿಗೂ ಹೇಳದೆ ಇರುವುದು ನನ್ನ ಸ್ವಭಾವ ಎಂದುಕೊಂಡಿದ್ದೆ. ಅದು ಹೇಡಿತನ ಎಂಬ ಹೆಸರಲ್ಲೂ ಊರಲ್ಲಿ ಓಡಾಡುತ್ತದೆ ಎಂದು ಆ ನಾಲ್ಕು ದಿನ ಅನ್ನಿಸಿತು.

ಗುರುವಾರ ಹತ್ತು ಗಂಟೆಗೆ ಗಂಗಮಾಳಮ್ಮ, ಕೆಂಪರಾಜು, ಶಾರದಕ್ಕ ಮತ್ತು ಅವಳ ಗಂಡ ಮಾಸ್ಕು ಹಾಕಿಕೊಂಡು ಗೋಡೆಗೊಬ್ಬರಂತೆ ಕೂತರು. ಮುದ್ದಯ್ಯನೂ ಬಂದಿದ್ದ, ಬಾಗಿಲ ಹೊರಗೇ ನಿಂತಿದ್ದ. ಯಾರೂ ಒಳಗೆ ಬಾ ಎನ್ನಲಿಲ್ಲ. ಅಪ್ಪ ಮಡಿ ಪಂಚೆ ಉಟ್ಟು ನನ್ನೆದುರು ಕೂತು, ಕೊನೆಯ ಪಾಠ ಹೇಳಲು ಕಿವಿಯ ಬಳಿ ಬಾಗಿದ. ಎಲೆಯಡಿಕೆಯ ವಾಸನೆ ಬಂತು.

"ಏನಾರ ಒಂದ್ ಊದ್ಬಿಡೋ" ಎಂದ ಪಿಸುದನಿಯಲ್ಲಿ. "ಬೇಗ ಮುಗೀಲಿ. ಪಾಯಸ ತಣ್ಣಗಾಗ್ತದೆ."

ಅವನ ಹಣೆಯ ಮೇಲೆ ಬೆವರಿತ್ತು. ಗೋಡೆಗೊರಗಿದವರೆಲ್ಲ ಆ ಪಿಸುಮಾತಿಗೆ ಗೌರವದಿಂದ ತಲೆ ತಗ್ಗಿಸಿದ್ದರು. ನಾನು ವಾದ್ಯ ಎತ್ತಿಕೊಂಡೆ. ಪೀ ಎನ್ನಿಸುವುದು ಹೇಗೆಂದು ನನ್ನ ತುಟಿಗೆ ಗೊತ್ತಿರಲಿಲ್ಲ, ಅಪ್ಪ ಜೀವಮಾನದಲ್ಲಿ ಹಾಗೆ ಊದಿದವನಲ್ಲ. ತಪ್ಪಾಗಿ ಊದಬೇಕಿದ್ದರೆ ನಾನೇ ಕಷ್ಟಪಟ್ಟು ತಪ್ಪು ಮಾಡಬೇಕಿತ್ತು. ಹೆಣ್ಣು ಒಪ್ಪಿಸುವಾಗ ನುಡಿಸುವ ಧಾಟಿಯನ್ನು ಶುರುಮಾಡಿದೆ. ಎರಡನೆಯ ಸಾಲಿಗೆ ಕೆಂಪರಾಜುವಿನ ಕೈ ಅವನಿಗೇ ತಿಳಿಯದೆ ತೊಡೆಯ ಮೇಲೆ ತಾಳ ಹಿಡಿಯಿತು. ಶಾರದಕ್ಕ ತನ್ನ ಮದುವೆಯನ್ನು ನೆನೆದು ಮಾಸ್ಕಿನೊಳಗೇ ಮೂಗೊರೆಸಿಕೊಂಡಳು. ಮೂರನೆಯ ಸಾಲಿನ ನಡುವೆ, ಅಪ್ಪ ಸದಾ ಉಸಿರೆಳೆದುಕೊಳ್ಳುವ ಜಾಗದಲ್ಲಿ, ನನ್ನ ಎದೆಯೂ ತಾನಾಗಿ ಉಸಿರೆಳೆದುಕೊಂಡಿತು. ಅಪ್ಪನ ಕಡೆ ನೋಡಬಾರದೆಂದುಕೊಂಡಿದ್ದೆ, ನೋಡಿದೆ. ಅವನು ನನ್ನ ಮುಖವನ್ನು ನೋಡುತ್ತಿರಲಿಲ್ಲ, ಬೆರಳುಗಳನ್ನು ನೋಡುತ್ತಿದ್ದ.

ಮುಗಿದಾಗ ಗಂಗಮಾಳಮ್ಮ ತಲೆಯಾಡಿಸಿದರು. "ಪೂರ್ತಿ ಬಂದದೆ. ಎಲ್ರೂ ಒಪ್ಪಿಸುವಾಗ ಒಂಚೂರು ಒಳಗಿಟ್ಕೊಂಡಿರ್ತಾರೆ, ನಾನೂ ಇಟ್ಕೊಂಡಿದ್ದೆ. ಇವನು ಒಂದು ಹನೀನೂ ಇಟ್ಕೊಂಡಿಲ್ಲ. ಹಿಂಗೆ ಕೊಟ್ಟೋರ್ನ ನಾನು ನೋಡಿಲ್ಲ ಚೆಲುವಯ್ಯ. ಕಟ್ಟೆ ಮೇಲೆ ನನ್ ಪಕ್ಕ ಬಂದು ಕೂತ್ಕೊ."

ಅಪ್ಪ ಕೈಮುಗಿದ. ಪಾಯಸ ಬಡಿಸುವಾಗ ಎದ್ದುಹೋಗಿ ಮೊದಲ ಲೋಟವನ್ನು ಬಾಗಿಲ ಹೊರಗಿದ್ದ ಮುದ್ದಯ್ಯನಿಗೆ ಕೊಟ್ಟು ಬಂದ. ಎಲ್ಲರೂ ಅದನ್ನು ದೊಡ್ಡ ಮನಸ್ಸು ಎಂದರು.

ಜನ ಹೋದರು. ಅವ್ವ ಹಿತ್ತಲಲ್ಲಿ ಪಾತ್ರೆ ತಿಕ್ಕಲು ಕೂತಳು. ಅಪ್ಪ ಬಾಗಿಲು ಮುಂದೆ ಮಾಡಿ, "ಯಾವಾಗಿಂದ?" ಎಂದ.

"ಜ್ಯೇಷ್ಠದಿಂದ. ಫೋನ್ ನೋಡ್ಕೊಂಡು. ಲಟ್ಟಣಿಗೆ ಮೇಲೆ."

"ಲಟ್ಟಣಿಗೆ ಮೇಲೆ" ಎಂದ ಅಪ್ಪ. ಅಡುಗೆಮನೆಯ ಕಡೆ ನೋಡಿದ. "ನನ್ನಿಂದ ಹೋಗ್ತದೆ ಅಂತ ಗೊತ್ತಿತ್ತಾ?"

"ಮೊದ್ಲು ಗೊತ್ತಿರ್ಲಿಲ್ಲ. ಮುದ್ದಯ್ಯ ಬಂದ ದಿನ ಗೊತ್ತಾಯ್ತು. ಆಮೇಲೂ ಎರಡು ಪಾಠ ಕಲ್ತೆ."

"ಯಾಕೆ?"

"ಮನೇಲಿ ಸದ್ದಿರ್ಬಾರ್ದು ಅನ್ನಿಸ್ತು."

ಅವನು ಏನೂ ಹೇಳಲಿಲ್ಲ. ಬೇರೆ ಬೇರೆ ಬಗೆಯ ಮೌನಗಳನ್ನು ಗುರುತಿಸಬಲ್ಲೆನೆಂಬ ಹೆಮ್ಮೆ ನನಗಿತ್ತು. ಇದು ಯಾವುದೆಂದು ತಿಳಿಯಲಿಲ್ಲ. ಬೈದರೆ ಸಾಕಾಗಿತ್ತು, ವಾದ್ಯವನ್ನು ಕಿತ್ತುಕೊಂಡರೂ ಸಾಕಾಗಿತ್ತು. ಹಿತ್ತಲಲ್ಲಿ ಪಾತ್ರೆಯ ಸದ್ದು ನಿಂತು ಮತ್ತೆ ಶುರುವಾಯಿತು.

"ವಾಪಸ್ ಹೇಳ್ಕೊಡ್ತೀನಿ ಅಪ್ಪ. ಸೋಮವಾರದೊಳಗೆ ಆಗ್ತದೆ. ನಂಗೆ ಮರ್ತೋಗ್ಲಿ."

"ಊರೋರ ಮುಂದೆ ಕೊಟ್ಟಾಯ್ತು. ಕೊಟ್ಟೋನು ವಾಪಸ್ ಇಸ್ಕೊಂಡ್ರೆ ಏನ್ ಮರ್ಯಾದೆ" ಎಂದ. ಎದ್ದು ಕಿಟಕಿಯ ತನಕ ಹೋದ. ಅಲ್ಲೇ ನಿಂತು, ನನ್ನ ಕಡೆ ತಿರುಗದೆ, "ಮೂರನೇ ಸಾಲಲ್ಲಿ ಉಸಿರು ಎಲ್ಲಿ ತಗೊಂಡೆ?" ಎಂದು ಕೇಳಿದ.

"ನೀನು ತಗೊಳೋ ಕಡೇಲೇ."

"ತಪ್ಪು ಅದು. ಇವತ್ತು ಈಚೆ ಕೂತು ಕೇಳ್ದಾಗ ಗೊತ್ತಾಯ್ತು. ಹೆಣ್ಣು ಹೊಸಲು ದಾಟೋ ಹೊತ್ತಿಗೆ ಸರಿಯಾಗಿ ಕತ್ತರಿಸ್ದಂಗಾಗ್ತದೆ. ನಿಮ್ಮಜ್ಜ ಅಲ್ಲಿ ನಿಲ್ತಿರ್ಲಿಲ್ಲ. ಮೂವತ್ತೆಂಟು ವರ್ಷ ಎಷ್ಟು ಹೆಣ್ಮಕ್ಳನ್ನ ಹಂಗೆ ಕತ್ತರಿಸಿ ಕಳ್ಸಿದ್ನೋ. ಊದೋನಿಗೆ ಕೇಳ್ಸಲ್ಲ ಅದು."

ವಾಪಸು ಬಂದು ನನ್ನೆದುರು ಮಣೆ ಎಳೆದುಕೊಂಡು ಕೂತ. ನಾನು ಕಿತ್ತುಕೊಳ್ಳಬಹುದಾದದ್ದು ಅವನಲ್ಲಿ ಇನ್ನೇನೂ ಉಳಿದಿರಲಿಲ್ಲ, ಅದು ಇಬ್ಬರಿಗೂ ಗೊತ್ತಿತ್ತು. ಹದಿನೇಳು ವರ್ಷ ಓದಿದ ನನ್ನೆದುರು ಹಾಗೆ ಯಾರೂ ಕೂತಿರಲಿಲ್ಲ.

"ಎತ್ಕೊ. ಆ ಸಾಲು ಮೊದ್ಲಿಂದ."

ಊದಿದೆ. ಅದೇ ಜಾಗದಲ್ಲಿ ಎದೆ ನಿಂತಿತು.

"ಊಹುಂ. ಇನ್ನೊಂದ್ಸಲ. ಉಸಿರನ್ನ ಹೊಟ್ಟೇಲಿ ಹಿಡ್ಕೊ, ಎದೇಲಿ ಅಲ್ಲ."

ಇನ್ನೊಂದು ಸಲ ಊದಿದೆ. ಆಮೇಲೆ ಮತ್ತೊಂದು ಸಲ. ಎಂಟನೆಯದೋ ಒಂಬತ್ತನೆಯದೋ ಆದಾಗ ಪಕ್ಕದಲ್ಲಿ ಶಾರದಕ್ಕನ ಮನೆಯ ಕಿಟಕಿ ದಡಾರನೆ ಮುಚ್ಚಿಕೊಂಡಿತು. ನಾನು ನಿಲ್ಲಿಸಿ ಅಪ್ಪನ ಮುಖ ನೋಡಿದೆ.

"ಮುಚ್ಕೊಳ್ಲಿ ಬಿಡು" ಎಂದ ಅಪ್ಪ. "ಊದು."